ಬೆಂಗ್ರೆಯ ಬೋಟು, ಬೈಕಂಪಾಡಿಯ ಪೆಟ್ಟಿಗೆ

ಬೆಳಿಗ್ಗೆ ಎಂಟೂವರೆಗೆ ಶ್ರುತಿಕಾ ಮೆಂಡನ್ನಳ ಫೋನು:
"ಸರ್, ಬೋಟು ತಿರುಗುವುದಿಲ್ಲ."

ಹೊಸಬನಾಗಿದ್ದರೆ ದಕ್ಕೆಗೆ ಓಡುತ್ತಿದ್ದೆ.
ಹನ್ನೊಂದು ವರ್ಷದಿಂದ ಇದೇ ಕಸುಬು,
ಯಾವ ಬೋಟೆಂದು ಗೊತ್ತು:
ನೀರು ಕಾಣದ್ದು, ಇನ್ನೂ ಬರೀ ಗೆರೆಯಲ್ಲಿರುವುದು,
ಎಪ್ಪತ್ತೆರಡು ಅಡಿ, ಉಕ್ಕಿನ ಒಡಲು.
ಬೆಂಗ್ರೆಯ ಯಾರ್ಡಿನಲ್ಲಿ, ತಗಡಿನ ಮಾಡಿನಡಿ ಕೂತು
ಅವಳು ಲ್ಯಾಪ್‌ಟಾಪಿನ ಕಿಟಕಿಯಿಂದ ಅದನ್ನು ನೋಡುವುದು.
ನಿಜಕ್ಕೂ ಬಿಡಿಸುವ ಪೆಟ್ಟಿಗೆ ಇರುವುದು
ಪಣಂಬೂರು ಬಂದರಿನಾಚೆ, ಬೈಕಂಪಾಡಿಯ ಆಫೀಸಿನ ಮೇಜಿನಡಿ,
ಒಂದೂವರೆ ಲಕ್ಷದ ಗ್ರಾಫಿಕ್ಸ್ ಕಾರ್ಡನ್ನು ಹೊಟ್ಟೆಯಲ್ಲಿಟ್ಟುಕೊಂಡು.

"ತಿರುಗುವುದಿಲ್ಲ ಅಂದ್ರೆ ಎಂತ?"
"ಮೌಸು ಎಳೆದರೆ, ಒಂದು ಉಸಿರು ಬಿಟ್ಟು ಮೂತಿ ಬರ್ತದೆ.
ಇನ್ನೊಂದು ಉಸಿರಿಗೆ ಬಾಲ.
ನಡುವೆ ಎಂತದೂ ಇಲ್ಲ.
ಬಾಬಣ್ಣ ಪಕ್ಕದಲ್ಲೇ ಕೂತು ನಗಾಡ್ತಾರೆ."

ಬಾಬಣ್ಣ ಪುತ್ರನ್, ನಲವತ್ತು ವರ್ಷ ಮರದ ದೋಣಿ ಕಟ್ಟಿದವರು.
ನಕ್ಷೆಯೆಂದರೆ ಅವರಿಗೆ
ಹೊಯಿಗೆಯ ಮೇಲೆ ಕಾಲ್ಬೆರಳಲ್ಲಿ ಎಳೆದ ಗೆರೆ.
ಫೋನಿನ ಹಿಂದೆ ಅವರ ದನಿ:
"ಅಲೆ ಇಲ್ಲದೆಯೇ ಇಷ್ಟು ತಡವರಿಸುವುದು
ಅಳಿವೆ ದಾಟುವುದುಂಟಾ ಮಾರಾಯ್ತಿ?"

ನಾನೂ ದೂರದಿಂದಲೇ ಆ ಪೆಟ್ಟಿಗೆಗೆ ಇಳಿದೆ.
ಚಿತ್ರ ಬಿಡಿಸುವವರು ಯಾರೆಂದು ಹುಡುಕಿದರೆ
ಕಾರ್ಡಿನ ಹೆಸರೇ ಇಲ್ಲ.
ಅದರ ಜಾಗದಲ್ಲಿ 'ಬೇಸಿಕ್' ಎಂಬ ಬದಲಿ ಆಳು,
ಡ್ರಾಯಿಂಗ್ ಮಾಸ್ಟ್ರ ರಜೆಯಲ್ಲಿ ಕ್ಲಾಸಿಗೆ ಬಂದ ಗುಮಾಸ್ತನ ಹಾಗೆ.
ಒಂದೊಂದು ಬೆಸುಗೆ, ಒಂದೊಂದು ನೆರಳು,
ಎಲ್ಲ ಪ್ರೊಸೆಸರಿನ ತಲೆಗೆ:
ಶೇಕಡ ತೊಂಬತ್ತೆಂಟು, ಮಂಡೆ ಬಿಸಿ.
ಕಾರ್ಡು ಸೊನ್ನೆ. ತಣ್ಣಗೆ.

ಡ್ರೈವರು ತೆಗೆದೆ, ಹಾಕಿದೆ. ಹಳೆಯದನ್ನೇ ಮತ್ತೆ ಹಾಕಿದೆ.
ಪಾಲಿಸಿಯ ಕಾಡಿನಲ್ಲಿ ಆರು ಫೋಲ್ಡರು ಒಳಗೆ
'ದೂರದ ಸೆಶನ್ನಿಗೂ ಹಾರ್ಡ್‌ವೇರನ್ನೇ ಬಳಸು' ಎಂಬ ಸಾಲು,
ಅದಕ್ಕೆ ಹೌದು ಅಂದೆ. ರೀಸ್ಟಾರ್ಟು.
ಪರದೆ ಕಪ್ಪಾಗಿ ನಿಲ್ಲುವ ಆ ಎರಡು ನಿಮಿಷ
ನನಗೆ ಇಂದಿಗೂ ಹೆದರಿಕೆ.
ಎದ್ದಿತು. ಬೋಟು ಹಾಗೆಯೇ, ಉಸಿರಿಗೊಂದು ಮೂತಿ.
ಬೇರೆ ರಿಮೋಟ್ ಸಾಫ್ಟ್‌ವೇರು ಹಾಕಿ ನೋಡಿದೆ.
ತೋರಿಸಲು ಪರದೆಯೇ ಇಲ್ಲ, ಅಂದಿತು ಅದು.

ಆಗಲೇ ಹೊಳೆಯಬೇಕಿತ್ತು.

ಊಟ ಬಿಟ್ಟು ಸುರತ್ಕಲ್ ಬಸ್ಸು ಹತ್ತಿದೆ.
ಕೂಳೂರು ಸಂಕದ ಮೇಲೆ ಗ್ಯಾಸಿನ ಟ್ಯಾಂಕರುಗಳ ಸಾಲು:
ಒಂದು ಮೂತಿ. ನಿಂತು. ಇನ್ನೊಂದು ಮೂತಿ.
ಕಂಡಕ್ಟರಿಗೂ ನನ್ನಷ್ಟೇ ಸಹನೆ ಕಲಿಸಿದ ರಸ್ತೆ.

ಮೇಜಿನಡಿ ಪೆಟ್ಟಿಗೆ ಇತ್ತು. ಮೇಜಿನ ಮೇಲೆ
ಧೂಳಿನ ನಡುವೆ ಶುಭ್ರ ಆಯತ, ಮಾನಿಟರು ಇದ್ದ ಜಾಗ.
"ಅದಾ? ಅಕೌಂಟ್ಸಿನ ಲವೀನಾ ಬಾಯಿ ತೆಗೊಂಡು ಹೋದದ್ದು, ಶುಕ್ರವಾರ.
ಇಲ್ಲಿ ಯಾರೂ ಕೂರುವುದಿಲ್ಲವಲ್ಲ," ಅಂದ ಜೆರ್ಸನ್.

ಸರಿಯೇ. ಯಾರೂ ಕೂರುವುದಿಲ್ಲ.
ಕಾರ್ಡಿಗೂ ಅಷ್ಟೇ ಗೊತ್ತಾದದ್ದು.
ತಂತಿಯ ತುದಿಯಲ್ಲಿ ಕಣ್ಣಿಲ್ಲದ ಮೇಲೆ
ಯಾರಿಗೆ ಬಿಡಿಸಲಿ ಎಂದು ಮಲಗಿತ್ತು.
ಬಂದರಿನಾಚೆ ಒಬ್ಬಳು ಕಾಯುತ್ತಿದ್ದಾಳೆಂದು
ಅದಕ್ಕೆ ಹೇಳಿದವರಿಲ್ಲ.

ಬ್ಯಾಗಿನ ಒಳಜೇಬಿನಲ್ಲಿ ಒಂದು ಡಮ್ಮಿ ಪ್ಲಗ್ಗು,
ಹೆಬ್ಬೆರಳಿನ ಗೆಣ್ಣಿನಷ್ಟು, ನಾನೂರೈವತ್ತು ರೂಪಾಯಿ.
ಹುಟ್ಟಿದ್ದೇ ಸುಳ್ಳು ಹೇಳಲು:
'ನಾನು ಮಾನಿಟರು, ಇಪ್ಪತ್ತೇಳು ಇಂಚು, ನೋಡುತ್ತಿದ್ದೇನೆ.'

ಸಿಕ್ಕಿಸಿದೆ.
ಫ್ಯಾನು ಒಮ್ಮೆ ಕೆಮ್ಮಿ ತಿರುಗಿತು.

"ಸರ್, ಬಂತು," ಫೋನಿನಲ್ಲಿ ಶ್ರುತಿಕಾ.
ಎಣ್ಣೆ ಹಚ್ಚಿದ ಹಾಗೆ ತಿರುಗುತ್ತದಂತೆ,
ಮೂತಿಯಿಂದ ಬಾಲದವರೆಗೆ ಎಲ್ಲೂ ಕಡಿಯದೆ.
ನಾನು ಥ್ಯಾಂಕ್ಸಿಗೆ ಕಾದೆ.

ಬಾಬಣ್ಣನ ನಗೆ ನಿಂತಿತ್ತು.
"ತಡೆ. ಹಿಂದೆ ತಿರುಗಿಸು. ಇನ್ನೂ ನಿಧಾನ.
ಅಲ್ಲಿ, ಎಡಪಕ್ಕೆ ನೋಡು,
ಹೊಟ್ಟೆ ಒಂದು ಗೇಣು ಹೆಚ್ಚಾಯಿತು ಮಗಾ.
ಬಲೆ ಎಳೆಯುವಾಗ ಮಗ್ಗುಲಾಗ್ತದೆ."

ಆಮೇಲೆ ಅವಳು ನನ್ನ ಜೊತೆ ಮಾತಾಡಲಿಲ್ಲ.
ಫೋನು ಇಡಲು ಮರೆತಿದ್ದಳು;
ಕೀಲಿಮಣೆಯ ಸದ್ದು, ದೂರದಲ್ಲಿ ಯಾರೋ ತಗಡು ಬಡಿಯುವುದು.

ಪ್ಲಗ್ಗಿನ ಮೇಲೆ ಬಿಳಿ ಟೇಪು ಅಂಟಿಸಿ
ಪೆನ್ನಿನಲ್ಲಿ ಬರೆದೆ: ತೆಗೆಯಬಾರದು.
ಬಿಲ್ಲಿನಲ್ಲಿ ಅಡಾಪ್ಟರ್ ಎಂದು ಹಾಕಿದೆ.